ಬಿಸಿಯಾಗಿದ್ದ ಪ್ರಿಂಟರ್

ಧಾರವಾಡದ ತಮ್ಮ ಬೋರ್ಡು-ಬ್ಯಾನರ್ ಮಾಡುವ ಅಂಗಡಿಗೆ ಹಳೆಯ ಪ್ರಿಂಟರ್ ಮತ್ತು ಅಕ್ಷರ ಕತ್ತರಿಸುವ ಕಟರ್ ಕೊಳ್ಳಲು ಸಂಗವ್ವ ಸೊಸೆ ರಜನಿಯೊಂದಿಗೆ ತಾರಿಹಾಳಕ್ಕೆ ಹೋದಳು. ಮಶೀನು ಕೈಕೊಟ್ಟರೆ ಅಂಗಡಿಗೇ ಬೀಗ. ಪ್ರಿಂಟರ್ ಮುಟ್ಟಿದಳು, ಬಿಸಿಯಾಗಿತ್ತು.

“ನಾವು ಬರೂಕಿಂತ ಮೊದಲ ಯಾಕ ಚಾಲೂ ಮಾಡಿದ್ಯೋ ತಮ್ಮಾ?”

“ಮುಂಜಾನಿಂದ ಗಿರಾಕಿ ಕೆಲಸ ಮಾಡಾಕತ್ತೇನ್ರಿ ಅವ್ವಾರ,” ಎಂದ, ಮಾರಲು ನಿಂತಿದ್ದ ನಿಜಾಮುದ್ದೀನ.

“ಎಮ್ಮಿ ಮಾರಾವನೂ ಹಾಲು ಹಿಂಡದ ಕೆಚ್ಚಲ ತುಂಬಿಸಿಕೊಂಡ ಸಂತಿಗೆ ಬರ್ತಾನ. ಬಂದ್ ಮಾಡು. ತಣ್ಣಗಾದ ಮ್ಯಾಲ ಚಾಲೂ ಆಗ್ತದೋ ಇಲ್ಲೋ ನೋಡೂಣು.”

“ಸಾಕ ಬಿಡ್ರಿ, ಅತ್ತಿ,” ಎಂದು ರಜನಿ ಸೆರಗೆಳೆದಳು. ಸಂಗವ್ವ ಅಲ್ಲೇ ಕುಳಿತು ರೊಟ್ಟಿಯ ಗಂಟು ಬಿಚ್ಚಿದಳು. ಕಣ್ಣು ಮಾತ್ರ ಮಶೀನಿನ ಮೇಲೆಯೇ ಇತ್ತು. ತಣ್ಣಗಾದ ಮೇಲೆ ಚಾಲೂ ಮಾಡಿದಾಗ ಬಣ್ಣಗಳೆಲ್ಲ ಗೆರೆ ಬೀಳದೆ ಸ್ವಚ್ಛವಾಗಿ ಬಂದವು.

“ಈಗರೆ ನಂಬಿದ್ರ್ಯಾ?” ನಿಜಾಮುದ್ದೀನ ನಕ್ಕ.

“ಪ್ರಿಂಟರ್ ನಂಬೀನಪಾ, ನಿನ್ನಲ್ಲ. ಈಗ ಕಟರ್ ಚಾಲೂ ಮಾಡು, ಅದನ್ನೂ ನೋಡೂಣು.”