ಹೊಳೆಯಾಚೆಯ ಮೂರನೇ ದಾರಿ

ಅವಳ ನಿಜವಾದ ಹೆಸರು ಅಂಚೆ ಕಚೇರಿಯ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕಣಿವೆಯ ಅಷ್ಟೂ ಊರುಗಳಿಗೆ ಅವಳು ಬೆಲ್ಲಕ್ಕ. ಮನೆ ಮುಂದೆ ಬಂದಾಗ ಸೈಕಲ್ಲಿನ ಬೆಲ್ಲು ಎರಡು ಸಲ, ಅವಸರದ ಕಾಗದವಿದ್ದರೆ ಮೂರು ಸಲ ಹೊಡೆಯುತ್ತಿದ್ದಳಲ್ಲ, ಅದರಿಂದ ಅಂಟಿಕೊಂಡ ಹೆಸರು. ಹೊಸಬರು ಮಾತ್ರ ಮಾತು ಸಿಹಿ ಇರಬೇಕು, ಅದಕ್ಕೇ ಬೆಲ್ಲ ಅಂದುಕೊಂಡು ಹತ್ತಿರ ಹೋಗಿ ಎರಡೇ ಮಾತಿಗೆ ಹಿಂದೆ ಸರಿಯುತ್ತಿದ್ದರು. "ವಿಳಾಸ ನೆಟ್ಟಗೆ ಬರೆಯೋಕೆ ಹೇಳಿ ನಿಮ್ಮ ತಮ್ಮನಿಗೆ. ಇದೇನು ಅಕ್ಷರಾನೋ, ಇರುವೆ ಮಸಿಯಲ್ಲಿ ಬಿದ್ದು ಓಡಾಡಿದ್ದೋ?" ಅನ್ನುವಂಥವಳು ಅವಳು.

ಮೂವತ್ತೊಂದು ವರ್ಷ ಅವಳು ಟಪಾಲು ಹೊತ್ತಳು. ಹೊಳೆಯ ಈ ದಡದಲ್ಲಿ ಹೋಗಿ, ಕಬ್ಬಿಣದ ಕಾಲುಸೇತುವೆ ದಾಟಿ, ಆಚೆ ದಡದಲ್ಲಿ ವಾಪಸು ಬರುವುದು. ಯಾವ ತಿರುವಿನಲ್ಲಿ ಗಾಳಿ ಎದೆಗೆ ಬಡಿಯುತ್ತದೆ, ಯಾವ ಏರಿನಲ್ಲಿ ಇಳಿದು ತಳ್ಳಿದರೇ ಲೇಸು, ಯಾವ ಮರದ ನೆರಳು ಹನ್ನೊಂದು ಗಂಟೆಗೆ ರಸ್ತೆಯ ಮೇಲೆ ಬೀಳುತ್ತದೆ, ಎಲ್ಲವೂ ಅವಳ ಕಾಲಿಗೇ ಗೊತ್ತಿತ್ತು.

ನಿವೃತ್ತಿಯಾದ ಮೇಲೆ ಒಂದು ವಾರ ಮನೆಯಲ್ಲಿ ಕೂತಳು. ಗಂಡ ಗಡಿಯಾರ ರಿಪೇರಿಯವನು, ಮನೆಯ ಮುಂಗೋಣೆಯೇ ಅವನ ಅಂಗಡಿ. ಸುಮ್ಮನಿರಲಾರದೆ ಅವನ ಮೇಜಿನ ಸ್ಕ್ರೂಗಳನ್ನೆಲ್ಲ ಗಾತ್ರ ನೋಡಿ ಬೇರೆಬೇರೆ ಡಬ್ಬಿಗೆ ಹಾಕಿ ಓರಣ ಮಾಡಿಟ್ಟಳು. ಅಲ್ಲಿಂದಾಚೆಗೆ ಅವನ ಕೈಗೆ ಒಂದೂ ಸಿಗಲಿಲ್ಲ. ಎಂಟನೇ ದಿನ ಅವನೇ ಸೈಕಲ್ಲಿಗೆ ಗಾಳಿ ತುಂಬಿ ಬಾಗಿಲಲ್ಲಿ ನಿಲ್ಲಿಸಿ, "ಎಲ್ಲಿಗಾದ್ರೂ ಹೋಗಿ ಬಾರೇ, ನಿನಗೆ ಕೈ ಮುಗೀತೀನಿ" ಅಂದ.

ಹೀಗೇ ಒಂದು ವರ್ಷ ಕಳೆಯಿತು. ಆ ಹೊತ್ತಿಗೆ ಗುಡ್ಡದ ಮೇಲೆ ಹೊಸ ಹೆದ್ದಾರಿಯಾಗಿ ಲಾರಿ, ಬಸ್ಸುಗಳೆಲ್ಲ ಅತ್ತ ಹೋಗಿದ್ದವು. ಹೊಳೆಯ ಪಕ್ಕದ ಹಳೇ ರಸ್ತೆಯಲ್ಲಿ ಹಾಲಿನ ಗಾಡಿ, ಒಂದೆರಡು ಟ್ರ್ಯಾಕ್ಟರು ಬಿಟ್ಟರೆ ಸದ್ದೇ ಇಲ್ಲ. ಇದನ್ನು ಕಂಡ ಪ್ರವಾಸ ಕಚೇರಿಯವರಿಗೆ ಒಂದು ಯೋಚನೆ ಬಂತು. ಪಟ್ಟಣದಿಂದ ಸೈಕಲ್ಲು ತುಳಿಯಲು ಬರುವವರಿಗೆ ಇಲ್ಲಿ ಮೂರು ನೆಮ್ಮದಿಯ ದಾರಿ ಗೊತ್ತು ಮಾಡಿ ನಕ್ಷೆ ಅಚ್ಚು ಹಾಕಿಸಬೇಕು ಅಂತ. ಅದಕ್ಕಾಗಿ ಬಂದ ಅಧಿಕಾರಿ ಮೂವತ್ತರ ಹೆಂಗಸು, ಕಂಪ್ಯೂಟರಿನಲ್ಲಿ ಎಲ್ಲ ಗುರುತು ಹಾಕಿಕೊಂಡೇ ಬಂದಿದ್ದಳು. ಅಂಚೆ ಕಚೇರಿಯವರು ಬೆಲ್ಲಕ್ಕನ ಮನೆ ತೋರಿಸಿದರು.

ಬೆಲ್ಲಕ್ಕ ಪರದೆಯನ್ನು ಕನ್ನಡಕ ಏರಿಸಿ ನೋಡಿದಳು. "ಈ ರಸ್ತೇಲಿ ಹೋದೋರು ಮೂರನೇ ಮೈಲಿಗೆ ನಿಮ್ಮನ್ನ ಬಯ್ಕೊಳ್ತಾರೆ ಮೇಡಂ. ಜಲ್ಲಿ ಕಿತ್ತು ಬಂದಿದೆ. ಇನ್ನು ಇದು ರಸ್ತೇನೇ ಅಲ್ಲ, ಯಾರದೋ ಹಿತ್ತಿಲು."

ಮಾರನೇ ದಿನದಿಂದ ಇಬ್ಬರೂ ಸೈಕಲ್ಲಿನಲ್ಲೇ ಹೊರಟರು. ಮೊದಲನೇ ದಾರಿ ಗಿರಣಿಯಿಂದ ಹಿಡಿದು ದೋಣಿಗಟ್ಟೆಯವರೆಗೆ, ಮಕ್ಕಳೂ ಹೋಗಬಹುದಾದಷ್ಟು ಸಮ. ಎರಡನೆಯದು ತೋಟಗಳ ನಡುವೆ ಏರುತ್ತ ಹೋಗಿ ಹೊಳೆ ಬಾಗುವಲ್ಲಿ ಇಳಿಯುವುದು. ಇಳಿಜಾರಿನಲ್ಲಿ ಅಧಿಕಾರಿ ಖುಷಿಗೆ ಕೂಗಿಯೇ ಬಿಟ್ಟಳು. ಬೆಲ್ಲಕ್ಕ ಮಾತ್ರ ಬ್ರೇಕಿನ ಮೇಲೆ ಬೆರಳಿಟ್ಟುಕೊಂಡೇ, "ಕೂಗಿ ಕೂಗಿ, ಕೆಳಗೆ ಮರಳು ಇದೆ ನೋಡ್ಕೊಳ್ಳಿ" ಅಂದಳು.

ಮೂರನೇ ದಾರಿ ಸಿಗಲಿಲ್ಲ. ಸಿಗಲಿಲ್ಲ ಅನ್ನುವುದಕ್ಕಿಂತ ಬೆಲ್ಲಕ್ಕ ತೋರಿಸಲಿಲ್ಲ.

"ಕಾಲುಸೇತುವೆ ದಾಟಿದ್ರೆ ಆಚೆ ದಡದಲ್ಲಿ ಒಂದು ರಸ್ತೆ ಇದೆಯಲ್ಲ ಅಕ್ಕಾ?" ಅಂದಳು ಅಧಿಕಾರಿ.

"ಇದೆ. ನಾಯಿಗಳ ಕಾಟ."

"ಸ್ವಲ್ಪ ನೋಡಿಕೊಂಡಾದ್ರೂ ಬರೋಣ?"

"ನೋಡಿದೀನಿ ನಾನು. ಮೂವತ್ತೊಂದು ವರ್ಷ ನೋಡಿದೀನಿ," ಅಂದವಳೇ ಸೈಕಲ್ಲು ತಿರುಗಿಸಿದಳು.

ಆ ರಸ್ತೆಯಲ್ಲಿ ನಾಯಿ ಇರಲಿಲ್ಲ, ಅವಳ ಅಕ್ಕ ಇದ್ದಳು. ಒಡಹುಟ್ಟಿದ ಅಕ್ಕ, ಐದು ವರ್ಷಕ್ಕೆ ದೊಡ್ಡವಳು. ಇಬ್ಬರೂ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು.

ಜಗಳ ಆದದ್ದು ಒಂದು ಲಕೋಟೆಯಿಂದ. ಅಕ್ಕನ ಮಗಳು ನರ್ಸಿಂಗ್ ಶಾಲೆಗೆ ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಿದ್ದಳು. ಉತ್ತರ ಬಂದ ದಿನ ಬೆಲ್ಲಕ್ಕ ಎಂದಿನಂತೆ ಬೆಲ್ಲು ಹೊಡೆದು ಗೇಟಿನ ತಗಡಿನ ಡಬ್ಬಕ್ಕೆ ಹಾಕಿ ಹೋದಳು. ಸಂಜೆ ಅಕ್ಕ ಅದನ್ನು ತೆಗೆದರೆ, ಮುಚ್ಚಳದ ಅಂಟು ಇನ್ನೂ ಹಸಿ. ಒಳಗೆ, ಸೀಟು ಇಲ್ಲ ಎಂಬ ನಾಲ್ಕು ಸಾಲು. ಬೆಳಗಾಗುವುದರೊಳಗೆ ಅದು ಬೀದಿಗೆಲ್ಲ ಗೊತ್ತಾಗಿತ್ತು. ಮಾರನೇ ದಿನ ಬೆಲ್ಲಕ್ಕ ಬರುತ್ತಲೇ ಅಕ್ಕ ಗೇಟಿನಲ್ಲಿ ಅಡ್ಡ ನಿಂತು, ಹಾಲಿನವನ ಎದುರಿಗೇ, "ಒಡೆದು ಓದಿ ಊರಿಗೆಲ್ಲ ಹಂಚಿದ್ಯಲ್ಲ, ನಿನ್ನ ಹೊಟ್ಟೆ ತಣ್ಣಗಾಯ್ತಾ?" ಅಂದುಬಿಟ್ಟಳು.

ಅಂಚೆಯವಳಿಗೆ ಕಾಗದ ಒಡೆದೆ ಅನ್ನುವುದೂ ಒಂದೇ, ಅಡುಗೆಯವಳಿಗೆ ವಿಷ ಹಾಕಿದೆ ಅನ್ನುವುದೂ ಒಂದೇ. ಬೆಲ್ಲಕ್ಕನಂಥ ಬಾಯಾಳಿ ಆವತ್ತು ಕೈಯಲ್ಲಿದ್ದ ಕಾಗದ ಕೊಟ್ಟು, "ಟಪಾಲು" ಅಂದು ಹೊರಟುಹೋದಳು.

ಅಲ್ಲಿಂದ ನಿವೃತ್ತಿಯವರೆಗೆ, ಹನ್ನೊಂದು ವರ್ಷ, ಅಕ್ಕನೊಂದಿಗೆ ಅವಳು ಆಡಿದ್ದು ಆ ಒಂದೇ ಪದ. ಡಬ್ಬಕ್ಕೆ ಹಾಕಿ ಹೋಗಬಹುದಿತ್ತು ನಿಜ, ಆದರೆ ಜಗಳದ ಮೇಲೆ ಅಕ್ಕ ಯಾವುದೋ ಜೇನು ಸಾಕಣೆಯ ಪತ್ರಿಕೆಗೆ ಚಂದಾ ಕಟ್ಟಿದ್ದಳು. ಹದಿನೈದು ದಿನಕ್ಕೊಮ್ಮೆ ಬರುವ ಆ ದಪ್ಪ ಪತ್ರಿಕೆ ಡಬ್ಬದ ಸೀಳಿನಲ್ಲಿ ಹಿಡಿಯುತ್ತಿರಲಿಲ್ಲ, ಕೈಗೇ ಕೊಡಬೇಕು. ಬೆಲ್ಲು ಹೊಡೆದರೆ ಅಕ್ಕ ಬರುವಳು, ತಗೊಳ್ಳುವಳು. "ಟಪಾಲು." ಮುಗಿಯಿತು.

ಅಧಿಕಾರಿ ಸುಲಭಕ್ಕೆ ಬಿಡುವವಳಲ್ಲ. ಮರುದಿನ ಒಬ್ಬಳೇ ಸೇತುವೆ ದಾಟಿ ಹೋಗಿ, ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತ ಬೆಲ್ಲಕ್ಕನ ಮನೆಗೆ ಬಂದಳು.

"ಅಕ್ಕಾ, ಅಲ್ಲಿ ಒಂದು ನಾಯೀನೂ ಇಲ್ಲ! ಎಂಥ ಚೆಂದದ ದಾರಿ! ಏರಿನ ತುದೀಲಿ ಬಾಯಿ ಒಣಗಿಹೋಗಿತ್ತು, ಹಸಿರು ಗೇಟಿನ ಮನೆ ಅಮ್ಮ ಒಳಗೆ ಕರೆದು ನೀರು ಕೊಟ್ರು. ದಾರಿ ಯಾರು ತೋರಿಸ್ತಿರೋದು ಅಂದ್ರು. ನಿಮ್ಮ ಹೆಸರು ಹೇಳಿದೆ."

ಬೆಲ್ಲಕ್ಕ ಕುಡಿಯುತ್ತಿದ್ದ ಚಹಾದ ಲೋಟ ಕೆಳಗಿಟ್ಟಳು. "ಏನಂದಳು?"

"ಇನ್ನೊಂದು ಲೋಟ ನೀರು ತುಂಬಿಸಿಕೊಟ್ರು. ಆಮೇಲೆ, ಅವಳ ಎಡಗಾಲಿನ ಮಂಡಿ ಈಗ ಹೇಗಿದೆ ಅಂತ ಕೇಳಿದ್ರು. ಕೊನೇ ಸಲ ಟಪಾಲು ತಂದಾಗ ಸೈಕಲ್ಲು ಹತ್ತೋಕೆ ಕಷ್ಟಪಡ್ತಿದ್ಲು ಅಂದ್ರು."

ಗಂಡ ಭೂತಗನ್ನಡಿ ಕಣ್ಣಿಗಿಟ್ಟುಕೊಂಡೇ ಕತ್ತೆತ್ತಿದ. ಆ ನೋಟವೇ ಬೆಲ್ಲಕ್ಕನಿಗೆ ಇನ್ನಷ್ಟು ಸಿಟ್ಟು ತರಿಸಿತು. "ನೀವು ನಿಮ್ಮ ಗಡಿಯಾರ ನೋಡ್ಕೊಳ್ಳಿ!" ಅಂದಳು.

ಎರಡು ದಿನ ಹಾಗೇ ಕಳೆಯಿತು. ಮೂರನೇ ದಿನ ಬೆಳಿಗ್ಗೆ ಬೆಲ್ಲಕ್ಕ ಯಾರಿಗೂ ಹೇಳದೆ ಹೊರಟಳು. ಸೇತುವೆಯ ಹಲಗೆಗಳು ಚಕ್ರದಡಿ ಹಳೆಯ ಸದ್ದು ಮಾಡಿದವು. ಕೆಳಗೆ ಹೊಳೆ ತಿಳಿಯಾಗಿ, ಅವಸರವಿಲ್ಲದೆ ಹರಿಯುತ್ತಿತ್ತು. ಇಷ್ಟು ವರ್ಷ ಚೀಲದ ಭಾರದಲ್ಲಿ ಈ ಏರು ಹತ್ತಿದವಳಿಗೆ ಇಂದು ಖಾಲಿ ಸೈಕಲ್ಲೇ ಭಾರವೆನಿಸಿತು. ಅರ್ಧಕ್ಕೆ ಇಳಿದು ತಳ್ಳಿದಳು. ಹಸಿರು ಗೇಟಿನ ಮುಂದೆ ನಿಂತಾಗ ಕೈಯಲ್ಲಿ ಕೊಡಲು ಏನೂ ಇಲ್ಲ ಅನ್ನುವುದು ಹೊಳೆಯಿತು. ಬೆಲ್ಲು ಹೊಡೆಯಲೋ ಬೇಡವೋ ಅನ್ನುವಷ್ಟರಲ್ಲಿ ಬಾಗಿಲು ತೆರೆಯಿತು.

ಅಕ್ಕ ಮೊದಲಿಗಿಂತ ಸೊರಗಿದ್ದಳು. "ಬಿಸಿಲಲ್ಲಿ ಯಾಕೆ ನಿಂತಿದ್ದೀಯೇ, ಪುಟ್ಟಿ? ಒಳಗೆ ಬಾ."

ಅರವತ್ತೊಂದರ ಬೆಲ್ಲಕ್ಕನನ್ನು ಪುಟ್ಟಿ ಅನ್ನುವವರು ಈ ಭೂಮಿಯ ಮೇಲೆ ಇನ್ನೊಬ್ಬರು ಉಳಿದಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತಳು.

ಅಕ್ಕ ಎದುರಿಗೆ ಕೂತು, ಕೈ ನೋಡಿಕೊಳ್ಳುತ್ತ, ಸುತ್ತಿ ಬಳಸದೆ ಹೇಳಿದಳು. "ಆ ಲಕೋಟೆ ಒಡೆದೋಳು ನನ್ನ ಮಗಳೇ ಕಣೇ. ಬೆಲ್ಲು ಕೇಳಿ ಓಡಿಹೋಗಿ ತೆಗೆದಿದ್ಲಂತೆ. ಓದಿ ನನಗೆ ಹೇಳೋಕೆ ಧೈರ್ಯ ಸಾಲದೆ ಮತ್ತೆ ಅಂಟಿಸಿ ಡಬ್ಬಕ್ಕೆ ಹಾಕಿದ್ಲು. ಗೆಳತಿ ಹತ್ರ ಹೋಗಿ ಅತ್ತಿದ್ದೂ ಅವಳೇ. ಅಲ್ಲಿಂದ ಊರಿಗೆ ಹೋಗಿದ್ದು."

"ಯಾವಾಗ ಗೊತ್ತಾಯ್ತು ನಿನಗೆ?"

"ಮಾರನೇ ವರ್ಷಾನೇ."

"ಮಾರನೇ ವರ್ಷ!" ಬೆಲ್ಲಕ್ಕ ಎದ್ದು ನಿಂತಳು. "ಹನ್ನೊಂದು ವರ್ಷದಿಂದ ಗೊತ್ತಿತ್ತು ನಿನಗೆ! ಬಾಯಲ್ಲೇನು ಬೀಗ ಹಾಕ್ಕೊಂಡಿದ್ಯಾ?"

"ಪ್ರತಿ ಸಲ ನೀನು ಬಂದಾಗ ಹೇಳ್ಬೇಕು ಅಂತ ಬರ್ತಿದ್ದೆ. ನೀನು 'ಟಪಾಲು' ಅಂತಿದ್ದೆ ನೋಡು, ಆ ದನಿ ಕೇಳಿದ್ರೆ ನಾಲಿಗೆ ಒಳಗೆ ಹೋಗ್ತಿತ್ತು. ಹಾಲಿನವನ ಮುಂದೆ ಅಷ್ಟು ಅಂದ ಮೇಲೆ ಯಾವ ಮುಖ ಇಟ್ಕೊಂಡು ಹೇಳಲಿ? ಒಂದು ವರ್ಷ ಸುಮ್ಮನಿದ್ದಿದ್ದಕ್ಕೆ ನಾಚಿಕೆ ಆಯ್ತು. ಆ ನಾಚಿಕೆಗೆ ಇನ್ನೊಂದು ವರ್ಷ."

ಬೆಲ್ಲಕ್ಕ ಹೊರಟೇ ಹೋಗುವವಳಿದ್ದಳು. ಆದರೆ ತಿರುಗಿದಾಗ ಕಿಟಕಿ ಪಕ್ಕದ ಕಪಾಟು ಕಣ್ಣಿಗೆ ಬಿತ್ತು. ತಳದಿಂದ ಎದೆಯೆತ್ತರಕ್ಕೆ ಜೇನು ಸಾಕಣೆಯ ಪತ್ರಿಕೆಗಳು. ಒಂದನ್ನು ಎಳೆದಳು. ಸುತ್ತಿದ ಕಾಗದ ಹಾಗೇ ಇತ್ತು, ಮೇಲೆ ಅವಳದೇ ಕಚೇರಿಯ ಮುದ್ರೆ. ಇನ್ನೊಂದು ಎಳೆದಳು, ಅದೂ ಹಾಗೇ.

"ಒಂದನ್ನೂ ಬಿಚ್ಚಿಲ್ಲವಲ್ಲೇ! ಈ ಏರಿನಲ್ಲಿ ಏದುಸಿರು ಬಿಟ್ಕೊಂಡು ಹೊತ್ತು ತಂದಿದ್ದೀನಿ!"

"ಜೇನು ಕಂಡ್ರೆ ನಾನು ಕಂಬಳಿ ಹೊದ್ದುಕೊಂಡು ಓಡ್ತೀನಿ, ಮರೆತ್ಯಾ?" ಅಕ್ಕನ ದನಿ ಸಣ್ಣಗಾಯಿತು. "ಡಬ್ಬದಲ್ಲಿ ಹಿಡಿಯದೇ ಇರೋ ಪತ್ರಿಕೆ ಯಾವುದಿದೆ ಅಂತ ಅಂಗಡೀಲಿ ಕೇಳಿದೆ. ಇದು ಅಂದ್ರು. ಹದಿನೈದು ದಿನಕ್ಕೊಂದು ಸಲ ನಿನ್ನ ಮುಖ ನೋಡ್ಬಹುದಲ್ಲ ಅಂತ ಕಟ್ಟಿದೆ."

ಬೆಲ್ಲಕ್ಕ ಪತ್ರಿಕೆ ಹಿಡಿದು ನಿಂತೇ ಇದ್ದಳು. ಬಯ್ಯಬೇಕೆಂದು ಬಾಯಿ ತೆರೆದರೆ ಅಳು ಬಂತು. ಅಳು ತಡೆಯಲು ಹೋದರೆ, ಅಕ್ಕ ಕಂಬಳಿ ಹೊದ್ದು ಅಂಗಳದಲ್ಲಿ ಓಡಿದ್ದು ನೆನಪಾಗಿ ನಗು ಬಂತು. ಎರಡೂ ಒಟ್ಟಿಗೆ ಬಂದು ಕೆಮ್ಮು ಹತ್ತಿತು. ಅಕ್ಕ ಬೆನ್ನು ತಟ್ಟಿದಳು, ನೀರು ಕೊಟ್ಟಳು.

ಕ್ಷಮೆ ಕೇಳುವ ಮಾತು ಅಕ್ಕನಿಂದ ಆ ದಿನ ಬರಲಿಲ್ಲ. ವಾರದ ಮೇಲೆ ಬಂತು, ಅದೂ ಹಾಲಿನವನನ್ನು ನಿಲ್ಲಿಸಿಕೊಂಡು, ಅವನ ಎದುರಿಗೇ. ಅವನಿಗೆ ಹನ್ನೆರಡು ವರ್ಷದ ಹಿಂದಿನದು ನೆನಪೇ ಇರಲಿಲ್ಲ. ಆದರೂ ಇಬ್ಬರು ಹಿರಿಯ ಹೆಂಗಸರು ಅಷ್ಟು ಗಂಭೀರವಾಗಿ ನಿಂತಿದ್ದನ್ನು ಕಂಡು, "ಸರಿ ಬಿಡಿ ಅಮ್ಮಾ, ನನ್ನದೇನೂ ಅಭ್ಯಂತರ ಇಲ್ಲ" ಅಂದು ಗಾಡಿ ಹೊಡೆದ.

ನಕ್ಷೆ ಅಚ್ಚಾದಾಗ ಅದರಲ್ಲಿ ಮೂರು ದಾರಿಗಳಿದ್ದವು. ಮೂರನೆಯದರ ಏರಿನ ತುದಿಯಲ್ಲಿ ಒಂದು ಸಣ್ಣ ನೀಲಿ ಚುಕ್ಕೆ, ಪಕ್ಕದಲ್ಲಿ "ಇಲ್ಲಿ ಕುಡಿಯುವ ನೀರು ಸಿಗುತ್ತದೆ" ಎಂದಿತ್ತು. ರಜೆಯ ದಿನಗಳಲ್ಲಿ ನಾಲ್ಕಾರು ಜನ ಬರತೊಡಗಿದರು. ಅಕ್ಕ ಬಂದವರಿಗೆಲ್ಲ ನೀರು ಕೊಟ್ಟು, ಎಲ್ಲಿಂದ ಬಂದಿರಿ, ಮಕ್ಕಳೆಷ್ಟು ಅಂತ ವಿಚಾರಿಸುವಳು.

ಕಚೇರಿಯವರು ಅಲ್ಲಿ ಒಂದು ಬೆಂಚು ಹಾಕಿಸಲು ಬಂದ ದಿನ ಬೆಲ್ಲಕ್ಕನೂ ಇದ್ದಳು. ಗೇಟಿನ ಪಕ್ಕದ ನೆರಳಲ್ಲಿ ಹಾಕಿ ಅಂದಳು ಅಕ್ಕ. ತಿರುವಿನಲ್ಲಿ ಹಾಕಿ, ಹೊಳೆ ಕಾಣಿಸುತ್ತೆ ಅಂದಳು ಬೆಲ್ಲಕ್ಕ.

"ಬಿಸಿಲಲ್ಲಿ ಕೂತು ಹೊಳೆ ನೋಡಿ ಏನು ಮಾಡ್ತಾರೆ?"

"ನಿನ್ನ ಗೇಟು ನೋಡೋಕೆ ಪಟ್ಟಣದಿಂದ ತುಳ್ಕೊಂಡು ಬರ್ತಾರಾ?"

ಬೆಂಚು ಹೊತ್ತ ಆಳುಗಳಿಬ್ಬರು ಅತ್ತಲಿಂದಿತ್ತ, ಇತ್ತಲಿಂದತ್ತ ನಾಲ್ಕು ಸಲ ನಡೆದರು. ಊಟದ ಹೊತ್ತಾದರೂ ಮಾತು ಮುಗಿಯಲಿಲ್ಲ. ಕೊನೆಗೆ ಅವರು ಅದನ್ನು ನಡುದಾರಿಯಲ್ಲಿ ಇಳಿಸಿ, ಅದರ ಮೇಲೇ ಕೂತು ಬುತ್ತಿ ಬಿಚ್ಚಿದರು.