ಸೆವಾತನ ಮನೆ ಎಲ್ಲಿಡುವುದು?

ಮನೆ ಗಾಳಿಯಲ್ಲಿ ನಿಲ್ಲುವುದಿಲ್ಲ, ಅದಕ್ಕೆ ನೆಲ ಬೇಕು. ಇಷ್ಟು ತಿಳಿಯದವರು ಹಾಲಿಂಗ್‌ದಾಲ್ ಕಣಿವೆಯಲ್ಲಿ ಯಾರೂ ಇಲ್ಲ. ಆದರೂ ಸೆವಾತನ ಮನೆ ಇವತ್ತು ರಸ್ತೆ ಬದಿಯಲ್ಲಿ ದಿಮ್ಮಿಗಳ ರಾಶಿಯಾಗಿ ಬಿದ್ದಿದೆ.

ಸೆವಾತ್ ಒಬ್ಬ ಹುಸ್‌ಮನ್. ಎಂಬ್ರಿಕ್ ಒಡೆಯರ ಜಮೀನಿನ ಅಂಚಿನಲ್ಲಿ ತಾನೇ ಕಟ್ಟಿಕೊಂಡ ಮನೆ. ನೆಲಕ್ಕೆ ಬದಲಾಗಿ ಹುಲ್ಲು ಕೊಯ್ಲು, ಸೌದೆ, ಗೊಬ್ಬರ, ಕರೆದಾಗಲೆಲ್ಲ ದುಡಿಮೆ. ಈ ಬೇಸಿಗೆಯಲ್ಲಿ ಅವನ ಮಂಡಿ ಕೆಟ್ಟಿತು, ಕೊಯ್ಲಿಗೆ ಹೋಗಲಾಗಲಿಲ್ಲ. ಜಾಗ ಬಿಡು ಎಂದರು ಒಡೆಯರು. ಮನೆ ನಿನ್ನದೇ, ಹೊತ್ತುಕೊಂಡು ಹೋಗು ಎಂದೂ ಹೇಳಿದರು, ಉಪಕಾರ ಮಾಡಿದವರ ಹಾಗೆ.

ಮರದ ಮನೆ ಬಿಚ್ಚಿ ಬೇರೆಡೆ ಕಟ್ಟುವುದು ನಮ್ಮಲ್ಲಿ ಹೊಸದಲ್ಲ. ಸೆವಾತ್ ದಿಮ್ಮಿಗಳ ತುದಿಗೆ ಚಾಕುವಿನಿಂದ ಗುರುತು ಹಾಕುತ್ತ ಬಂದ. ಛಾವಣಿ ಹತ್ತಿದಾಗ ಕೈ ನಿಂತಿತು. ಮೇಲೆ ಹೊದಿಸಿದ, ಬೇರುಮಣ್ಣು ಸಮೇತದ ಹುಲ್ಲುಹೆಂಟೆ ಒಡೆಯರ ಹೊಲದಿಂದ ಕಡಿದದ್ದು. ನೀರು ಸೋರದಂತೆ ಅದರ ಕೆಳಗೆ ಹಾಸಿದ ತೊಗಟೆ ಇವನು ಸುಲಿದದ್ದು, ಆದರೆ ಸುಲಿದ ಮರ ಒಡೆಯರದ್ದು. ಅಡಿಪಾಯದ ಕಲ್ಲು ಅವರ ಹೊಲದ್ದು, ಹೊತ್ತ ಬೆನ್ನು ಇವನದು. ಯಾವುದು ಯಾರದು ಎಂದು ಸಹಾಯಕ್ಕೆ ಹೋಗಿದ್ದ ನನ್ನನ್ನು ಕೇಳಿದ. ನನಗೂ ತಲೆಬುಡ ತಿಳಿಯಲಿಲ್ಲ.

ಅಷ್ಟರಲ್ಲಿ ಎಂಬ್ರಿಕ್ ಬಂದು, ಕಲ್ಲೂ ಹೆಂಟೆಯೂ ಇಲ್ಲೇ ಇರಲಿ ಎಂದರು.

"ದಿಮ್ಮಿ ಸಂದಿಗೆ ತುರುಕಿರೋ ಪಾಚಿ, ಒಡೆಯರೇ?" ಸೆವಾತ್ ಕೊಂಕಿಲ್ಲದೆ ಕೇಳಿದ.

ಅವರು ಯೋಚಿಸಿದರು. "ಅದೂ ನನ್ನ ಕಾಡಿಂದೇ ಅಲ್ವೇನೋ."

ಸೆವಾತನ ಹೆಂಡತಿ ಯೂರಾನ್ ಒಳಗಿನಿಂದ ಒಲೆ ಕಳಚಿ ತರುತ್ತಿದ್ದಳು. "ಹಂಗಾದ್ರೆ ಗೋಡೆ ಮೇಲಿನ ಮಸಿನಾದ್ರೂ ನಮಗೆ ಬಿಡಿ. ಸೌದೆ ನಿಮ್ದೇ ಇರ್ಬೋದು, ಕೆಮ್ಮಿದೋರು ನಾವು."

ಒಡೆಯರು ನಗಲಿಲ್ಲ. ಪಾಚಿಯೂ ಉಳಿಯಿತು.

ಹುಸ್‌ಮನ್ ಎಂಬ ಪದದ ಬುಡದಲ್ಲಾದರೂ ಉತ್ತರ ಸಿಕ್ಕೀತೆಂದು ನಾನು ಪಾದ್ರಿಗಳ ಬಳಿ ಹೋದೆ. ಹುಸ್ ಎಂದರೆ ಮನೆ, ಮನ್ ಎಂದರೆ ಮನುಷ್ಯ ಎಂದರು. ಮನೆಯಿದ್ದೂ ಸ್ವಂತ ಜಮೀನಿಲ್ಲದವನು; ಹಳೆಯ ಕಾಲದಲ್ಲಿ ಪರರ ಮನೆಯಲ್ಲಿರುವವನು ಎಂದೂ ಇದ್ದಿರಬಹುದು ಎಂದರು. ಹಾಗಾದರೆ ರಸ್ತೆಯಲ್ಲಿ ಮನೆ ಇಟ್ಟುಕೊಂಡು ಕೂತಿರುವ ಸೆವಾತ್ ಇವೆರಡರಲ್ಲಿ ಯಾರು ಎಂದೆ. ಪಾದ್ರಿಗಳು ನನಗೆ ಇನ್ನಷ್ಟು ಕಾಫಿ ಸುರಿದರು.

ರಸ್ತೆ ಬದಿಯಲ್ಲಿ, ಒತ್ತಿ ಹಿಡಿಯಲು ಹೆಂಟೆಯಿಲ್ಲದೆ ತೊಗಟೆ ಸುರುಳಿ ಸುತ್ತಿಕೊಳ್ಳುತ್ತಿದೆ. ಯೂರಾನ್ ರಾಶಿಯ ಮರೆಯಲ್ಲಿ ಗಂಜಿ ಕಾಯಿಸುತ್ತಾಳೆ. ಮನೆ ಎಲ್ಲಿಗೆ ಹೊರಟಿತು ಎಂದು ದಾರಿಹೋಕರು ಕೇಳಿದರೆ ಸೆವಾತ್ ನನ್ನ ಮುಖ ನೋಡುತ್ತಾನೆ. ಬೆಟ್ಟದ ತಲೆಗೆ ಹಿಮ ಬಂದಾಗಿದೆ.

ಇದನ್ನು ಓದುತ್ತಿರುವ, ಹೊಲವಿರುವ ನೆರೆಯವರೇ, ಹುಲ್ಲು ಕೂಡ ಬೆಳೆಯದ ಒಂದು ಮೂಲೆ ನಿಮ್ಮ ಹೊಲದಲ್ಲಿದೆ, ನಾನು ನೋಡಿದ್ದೇನೆ. ಅದನ್ನು ಈ ವಾರವೇ ಸೆವಾತನ ಹೆಸರಿಗೆ ಬರೆದುಕೊಡಿ. ಬದಲಿಗೆ ದುಡಿಮೆ ಕೇಳಬೇಡಿ.