ಅಕ್ಕೋರು ಹೇಳಿ ಬರೆಸಿದ ಕ್ಷಮೆ

ಸಂಧಿವಾತದಿಂದ ಅಕ್ಕೋರ ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡುಬಿಟ್ಟಿದ್ದವು. ಚಹಾದ ಬಸಿಯನ್ನು ಎರಡು ಮುಷ್ಟಿಗಳ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದರು. ಯಾರಾದರೂ ನೆರವಿಗೆ ಬಂದರೆ ಗದರುತ್ತಿದ್ದರು.

ಅರವತ್ತರ ದಶಕದಲ್ಲಿ ಬ್ಯಾಂಕಿನವರು ನನ್ನ ಗಂಡನನ್ನು ಬರೋಡಾಕ್ಕೆ ವರ್ಗ ಮಾಡಿದಾಗ ಅಲ್ಲಿನ ಅಲಕಾಪುರಿ ಬಡಾವಣೆಯಲ್ಲಿ ಇವರು ನಮ್ಮ ಪಕ್ಕದ ಮನೆಯವರು. ಧಾರವಾಡದ ಕಡೆಯ ಕ್ರೈಸ್ತರು, ರೈಲ್ವೆ ನೌಕರನ ವಿಧವೆ, ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದರು. ತಮ್ಮೂರಿನ ಕ್ರೈಸ್ತ ಸಭೆಯ ಮಾಸಪತ್ರಿಕೆಗೆ ಅಮೆರಿಕದ ಕುದುರೆ ಸವಾರರ ಪ್ರೇಮಕಥೆಗಳನ್ನು ಧಾರಾವಾಹಿಯಾಗಿ ಬರೆಯುತ್ತಿದ್ದರು. ಅಮೆರಿಕ ಹಾಗಿರಲಿ, ಅವರು ಹತ್ತಿರದಿಂದ ಕಂಡ ಕುದುರೆಯೆಂದರೆ ಸ್ಟೇಷನ್ನಿನ ಟಾಂಗಾದ್ದು. ಅವರ ನಾಯಕ ಸೊಂಟದಲ್ಲಿ ಪಿಸ್ತೂಲು, ಜೀನಿನ ಚೀಲದಲ್ಲಿ ಬೈಬಲ್ಲು ಇಟ್ಟುಕೊಂಡು ತಿರುಗುತ್ತಿದ್ದ. ನಾಯಕಿಗೆ ದೀಕ್ಷಾಸ್ನಾನ ಆಗುವ ತನಕ ಅವಳ ಕಿರುಬೆರಳನ್ನೂ ಮುಟ್ಟುವಂತಿರಲಿಲ್ಲ. ನಾನು ಒಳಗೊಳಗೇ ನಗುತ್ತಿದ್ದೆ. ಆದರೂ ದಿನಾ ಮಧ್ಯಾಹ್ನ ಹೋಗಿ ಅವರು ಹೇಳಿದ್ದನ್ನು ಬರೆದುಕೊಡುತ್ತಿದ್ದೆ. ಆ ಬೀದಿಯಲ್ಲಿ ಕನ್ನಡ ಕಿವಿಗೆ ಬೀಳುವ ಮನೆ ಅದೊಂದೇ.

ಬರವಣಿಗೆಯಲ್ಲಿ ಅವರದು ಬಿಗಿ ಕೈ. "ಕುದುರಿ ಓಡಿತು ಅಂದ್ರ ಸಾಕು ತಂಗಿ, ಗಾಳಿಹಂಗ ಗೀಳಿಹಂಗ ಅನಬ್ಯಾಡ" ಎಂದು ನಾನು ಸೇರಿಸಿದ ಅಲಂಕಾರವನ್ನು ಹೊಡೆದು ಹಾಕಿಸುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಅವಳು ಸೂರತ್ತಿನ ಹಿಂದೂ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿ ಹೋದಾಗ ಅಕ್ಕೋರು ಅವಳ ಫೋಟೋಗಳನ್ನೆಲ್ಲ ಹಲ್ಲಿನಲ್ಲಿ ಕಚ್ಚಿ ಹರಿದಿದ್ದರಂತೆ.

ಅವತ್ತು ಕೊನೆಯ ಕಂತು. ಮನೆ ಬಿಟ್ಟು ಹೋದ ಮಗಳು ತಿರುಗಿ ಬರುತ್ತಾಳೆ, ಮುದಿ ತಂದೆ ಓಡಿಹೋಗಿ ಅಪ್ಪಿಕೊಳ್ಳುತ್ತಾನೆ. ಹೇಳುತ್ತ ಹೇಳುತ್ತ ಅಕ್ಕೋರ ಕಣ್ಣು ತುಂಬಿ ಬಂದಿತ್ತು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು.

"ಅವ್ವಾ, ನಾನು. ಅವರು ನನ್ನ ಬಿಟ್ಟು ಹೋಗ್ಯಾರ. ನನಗ ಏಳು ತಿಂಗಳು. ಬಾಗಲಾ ತಗಿ."

ನಾನು ಎದ್ದೆ.

"ಕೂಡು. ಬರಿ," ಅಂದರು ಅಕ್ಕೋರು. ಮುಂದಿನ ಸಾಲು ಹೇಳಿದರು: "'ಮಗಳೇ, ಈ ಮನೆಯ ಬಾಗಿಲು ನಿನಗೆ ಎಂದೂ ಮುಚ್ಚಿರಲಿಲ್ಲ.'"

ನಾನು ಬರೆದೆ. ಹೊರಗೆ ವೈಶಾಖದ ಬಿಸಿಲು ಸುಡುತ್ತಿತ್ತು. ನಾನು ಎರಡು ಪುಟ ಮುಗಿಸುವ ತನಕ ಅವಳು ಬಡಿಯುತ್ತಲೇ ಇದ್ದಳು. ಆಮೇಲೆ ಹೋದಳು.

ಆ ಕಂತು ಓದಿದವರಿಂದ ಪತ್ರಗಳು ಬಂದವು. ಗದಗಿನ ಒಬ್ಬರು, ಮುನಿಸಿಕೊಂಡು ಹೋಗಿದ್ದ ಮಗನನ್ನು ಮನೆಗೆ ಕರೆತಂದೆವು ಎಂದು ಬರೆದಿದ್ದರು. ಅಕ್ಕೋರು ಅದನ್ನು ನನ್ನಿಂದ ಎರಡು ಸಲ ಓದಿಸಿ, "ದೇವರಿಗೆ ಸ್ತೋತ್ರ" ಅಂದರು. ನನಗೆ ಅವರನ್ನು ಕಂಡರೆ ಹೇಸಿಗೆಯಾಯಿತು. ಮರುದಿನ ಹೊಸ ಕಾದಂಬರಿಗೆ ಮತ್ತೆ ನಾನೇ ಹೋಗಿ ಕೂತೆ.

ಎರಡು ವರ್ಷದ ಮೇಲೆ ಅವರು ತೀರಿಕೊಂಡರು. ಇವತ್ತು ನನ್ನ ಹೆಸರಿನಲ್ಲಿ ನಾಲ್ಕು ಪುಸ್ತಕಗಳಿದ್ದರೆ ಅದು ಅವರು ಕಲಿಸಿದ ವಿದ್ಯೆ. ಇಲ್ಲವೆಂದರೆ ನಾಲಗೆಗೆ ಹುಳ ಬಿದ್ದೀತು.

ಮಣ್ಣು ಮಾಡುವಾಗ ಮಗಳು ಬಂದಿದ್ದಳು, ಒಬ್ಬಳೇ. ಕೂಸು ಉಳಿದಿರಲಿಲ್ಲ. ಜನ ಚದುರಿದ ಮೇಲೆ ನನ್ನ ಹತ್ತಿರ ಬಂದು ನಿಂತಳು.

"ಆವತ್ತ ಕಿಡಕಿ ಸಂದಿಯಾಗಿಂದ ನಿಮ್ಮನ್ನ ನೋಡಿದ್ದೆ. ತಲಿ ಎತ್ತದಽ ಬರಿಯಾಕತ್ತಿದ್ರಿ. ಏನ್ ಬರಿಯಾಕತ್ತಿದ್ರಿ ಅಕ್ಕಾ?"